ತಲೆಬುರುಡೆಯೊಳಗಿನ ಒತ್ತಡವನ್ನು ಕಣ್ಣಿನಲ್ಲಿ ಅಳೆಯುವುದು ಹೇಗೆ?

ಬೇಸಿಗೆ ಹತ್ತಿರವಾದಂತೆ ಪಾವಗಡ, ಮಧುಗಿರಿ, ಶಿರಾ ಕಡೆ ಹುಣಸೆಹಣ್ಣು ಬಡಿಯುವ ಕೆಲಸ ಶುರುವಾಗುತ್ತದೆ. ತಿಪಟೂರು, ತುರುವೇಕೆರೆಯಲ್ಲಿ ತೆಂಗಿನ ಮರ ಹತ್ತುವವರಿಗೆ ವರ್ಷವಿಡೀ ಕೆಲಸ. ಮರದಿಂದ ಬಿದ್ದವರು, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಉರುಳಿದವರು ತಾಲ್ಲೂಕು ಆಸ್ಪತ್ರೆಗೆ ಬಂದಾಗ ವೈದ್ಯರನ್ನು ಕಾಡುವುದು ಒಂದೇ ಪ್ರಶ್ನೆ: ತಲೆಯೊಳಗೆ ಒತ್ತಡ ಏರುತ್ತಿದೆಯೇ? ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಇನ್ನೂ 70. ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲದಿದ್ದರೂ ಸಾಮಾನ್ಯ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಯಂತ್ರವೊಂದಿದ್ದರೆ, ಕೆಲವೇ ನಿಮಿಷಗಳಲ್ಲಿ ಕಣ್ಣಿನ ಮೂಲಕ ಸುಳಿವು ಪಡೆಯಬಹುದು.

ಕಣ್ಣೇ ಏಕೆ? ಕಲ್ಪತರು ನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ತೆಂಗಿನಕಾಯಿಯ ಚಿಪ್ಪು ಎಷ್ಟು ಗಟ್ಟಿಯಿದ್ದರೂ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ. ಕಾಯಿ ಒಡೆಯದೆ ಒಳಗಿನ ನೀರನ್ನು ಮುಟ್ಟುವ ದಾರಿ ಅದು. ತಲೆಬುರುಡೆಯೂ ಹಿಗ್ಗದ ಚಿಪ್ಪು. ಅದರಲ್ಲಿ ಮಿದುಳು, ರಕ್ತ ಮತ್ತು ಮಿದುಳನ್ನು ಸುತ್ತಿರುವ ತಿಳಿದ್ರವ, ಈ ಮೂರಕ್ಕೆ ಮಾತ್ರ ಜಾಗ. ರಕ್ತ ಹೆಪ್ಪುಗಟ್ಟಿದರೆ ಅಥವಾ ಮಿದುಳು ಊದಿಕೊಂಡರೆ ಒತ್ತಡ ಏರುತ್ತದೆ. ಮಲಗಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 7ರಿಂದ 15 ಮಿ.ಮೀ. ಪಾದರಸದಷ್ಟು, 20 ದಾಟಿ ಅಲ್ಲೇ ನಿಂತರೆ ಅಪಾಯ. ದೃಷ್ಟಿನರವನ್ನು ಸುತ್ತಿರುವ ಹೊದಿಕೆ ಮಿದುಳಿನ ಹೊದಿಕೆಯದೇ ಮುಂದುವರಿಕೆ, ಅದರೊಳಗಿರುವುದೂ ಅದೇ ದ್ರವ. ತಲೆಯಲ್ಲಿ ಒತ್ತಡ ಏರಿದೊಡನೆ ದ್ರವ ಇತ್ತ ನುಗ್ಗಿ, ಕಣ್ಣುಗುಡ್ಡೆಯ ಹಿಂದೆ ಹೊದಿಕೆ ಉಬ್ಬುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಕಾಣುವ ನರದ ಬಾವು ಮೂಡಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಹೊದಿಕೆ ಅಷ್ಟು ಕಾಯಿಸುವುದಿಲ್ಲ. ಗ್ಲಾಕೋಮಾದಲ್ಲಿ ಏರುವುದು ಕಣ್ಣುಗುಡ್ಡೆಯೊಳಗಿನ ಒತ್ತಡ. ಅದಕ್ಕೂ ಇದಕ್ಕೂ ಗೊಂದಲ ಬೇಡ.

ಪರೀಕ್ಷೆಗೆ ಮುನ್ನ ಕಣ್ಣನ್ನು ಬರಿಗಣ್ಣಿನಿಂದ ನೋಡಬೇಕು. ಈ ಹಂತವನ್ನು ಹಾರಿಸಿ ಮುಂದೆ ಹೋಗುವ ಆತುರ ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಪೆಟ್ಟು ಬಿದ್ದು ಕಣ್ಣುಗುಡ್ಡೆ ಒಡೆದಿರುವ ಅನುಮಾನವಿದ್ದರೆ ಪ್ರೋಬ್ (ಸ್ಕ್ಯಾನಿಂಗ್ ಯಂತ್ರದಲ್ಲಿ ಕೈಯಲ್ಲಿ ಹಿಡಿದು ಮೈಮೇಲೆ ಇಡುವ ಭಾಗ) ಇಡಲೇಬಾರದು. ಸ್ವಲ್ಪ ಒತ್ತಿದರೂ ಒಳಗಿನದು ಹೊರಬಂದು ದೃಷ್ಟಿ ಹೋಗಬಹುದು.

ಕಣ್ಣು ಸುರಕ್ಷಿತವಾಗಿದ್ದರೆ ರೋಗಿಯನ್ನು ಅಂಗಾತ ಮಲಗಿಸಿ, ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದಲ್ಲಿ ಅದನ್ನು ಅಲುಗಿಸದೆ, ರೆಪ್ಪೆಗಳನ್ನು ಮುಚ್ಚಿಸಬೇಕು. ರೆಪ್ಪೆಯ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟರ್ ಹಚ್ಚಿದರೆ ಜೆಲ್ ಕಣ್ಣಿಗೆ ಇಳಿಯುವುದಿಲ್ಲ. ಜೆಲ್ ಧಾರಾಳವಾಗಿರಲಿ. ಪ್ರೋಬ್ ಜೆಲ್ಲಿನ ಮೇಲೆ ತೇಲಬೇಕೇ ಹೊರತು ರೆಪ್ಪೆಯ ಮೇಲೆ ಭಾರ ಹಾಕಬಾರದು, ಏಕೆಂದರೆ ಕಣ್ಣನ್ನು ಒತ್ತಿದರೆ ನಾಡಿ ಬಡಿತವೂ ಇಳಿಯಬಹುದು. ಕೈ ನಡುಗದಂತೆ ಕಿರುಬೆರಳನ್ನು ರೋಗಿಯ ಕೆನ್ನೆಯ ಎಲುಬಿಗೆ ಊರಿ ಹಿಡಿಯಿರಿ. ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಇಲ್ಲಿ ನಡೆಯದು. ಥೈರಾಯ್ಡ್, ರಕ್ತನಾಳ ನೋಡುವ ನೇರ ಅಂಚಿನ ಪ್ರೋಬ್ ಬೇಕು, 7.5 ಮೆಗಾಹರ್ಟ್ಸ್ ಅಥವಾ ಹೆಚ್ಚಿನದು. ಯಂತ್ರವನ್ನು ಕಣ್ಣಿನ ಸೆಟ್ಟಿಂಗ್‌ಗೆ ಬದಲಿಸಿದರೆ ಶಬ್ದತರಂಗಗಳ ಶಕ್ತಿ ಕಣ್ಣಿಗೆ ಸಹ್ಯವಾದ ಮಟ್ಟಕ್ಕೆ ಇಳಿಯುತ್ತದೆ.

ಪರದೆಯಲ್ಲಿ ಕಣ್ಣುಗುಡ್ಡೆ ಕಪ್ಪು ಚೆಂಡಿನಂತೆ, ಅದರ ಹಿಂದೆ ನರ ಕಪ್ಪು ಪಟ್ಟಿಯಂತೆ ಕಾಣುತ್ತದೆ. ಹೊಸಬರು ಎಡವುವುದು ಇಲ್ಲೇ. ಮಸೂರದಿಂದ ಬೀಳುವ ನೆರಳೂ ಕಪ್ಪಾಗಿಯೇ ಇರುವುದರಿಂದ ನೆರಳನ್ನೇ ನರವೆಂದು ಅಳೆದುಬಿಡುತ್ತಾರೆ. ಪ್ರೋಬನ್ನು ಕಣ್ಣಿನ ಹೊರ ಮೂಲೆಯ ಕಡೆಗೆ ಸ್ವಲ್ಪ ಸರಿಸಿ ಮೂಗಿನತ್ತ ವಾಲಿಸಿದರೆ ಮಸೂರ ಅಡ್ಡ ಬರುವುದಿಲ್ಲ. ಹೊದಿಕೆಯ ಎರಡೂ ಅಂಚುಗಳು ಸ್ಪಷ್ಟವಾದಾಗ ಚಿತ್ರವನ್ನು ನಿಲ್ಲಿಸಿ, ಕಣ್ಣುಗುಡ್ಡೆಯ ಹಿಂಭಾಗದಿಂದ ಸರಿಯಾಗಿ 3 ಮಿ.ಮೀ. ಹಿಂದಕ್ಕೆ ಗುರುತು ಹಾಕಿ. ಹೊದಿಕೆ ಚೆನ್ನಾಗಿ ಹಿಗ್ಗುವ ಜಾಗ ಅದು. ಅಲ್ಲಿ ನರಕ್ಕೆ ಅಡ್ಡಲಾಗಿ, ಅಂಚಿನಿಂದ ಅಂಚಿಗೆ ಅಗಲ ಅಳೆಯಿರಿ. ಪ್ರೋಬನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹಿಡಿದು ಎರಡೂ ಕಣ್ಣುಗಳಲ್ಲಿ ಅಳೆದು ಸರಾಸರಿ ತೆಗೆಯಬೇಕು. ಅರ್ಧ ಮಿ.ಮೀ. ತಪ್ಪಿದರೂ ತೀರ್ಮಾನವೇ ತಲೆಕೆಳಗಾಗಬಹುದಾದ ಅಳತೆ ಇದು.

ವಯಸ್ಕರಲ್ಲಿ 5 ಮಿ.ಮೀ. ದಾಟಿದರೆ ಅನುಮಾನ ಪಡಬೇಕು, 6 ದಾಟಿದರೆ ಅನುಮಾನ ಬಲವಾಗುತ್ತದೆ. ನಡುವಿನ ಅಂಕಿಗಳ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಒಂದು ವರ್ಷ ದಾಟಿದ ಮಕ್ಕಳಿಗೆ 4.5, ಅದಕ್ಕಿಂತ ಚಿಕ್ಕ ಶಿಶುಗಳಿಗೆ 4 ಮಿ.ಮೀ. ಎಂಬ ಗಡಿಯನ್ನು ಸಾಮಾನ್ಯವಾಗಿ ಬಳಸುತ್ತಾರೆ.

ಈ ಅಳತೆ ಒತ್ತಡ ಇಷ್ಟೇ ಎಂದು ಹೇಳುವುದಿಲ್ಲ. ಅದಕ್ಕೆ ತಲೆಬುರುಡೆಯಲ್ಲಿ ರಂಧ್ರ ಕೊರೆದು ನಳಿಕೆ ಇಳಿಸಬೇಕು. ರಕ್ತಸ್ರಾವ ಎಲ್ಲಿ ಎಂಬುದನ್ನು ತೋರಿಸುವುದು ಸಿ.ಟಿ. ಸ್ಕ್ಯಾನ್. ಆದ್ದರಿಂದ ಮನೆಯವರಲ್ಲಿ ನನ್ನ ವಿನಂತಿ: ಅಳತೆ 4.8 ಬಂದರೂ ರೋಗಿ ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಮಂಪರು ಹೆಚ್ಚುತ್ತಿದ್ದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ ‘ಸ್ಕ್ಯಾನಿಂಗ್ ಚೆನ್ನಾಗಿದೆ’ ಎಂದು ಊರಿಗೆ ಕರೆದೊಯ್ಯಬೇಡಿ. ರಕ್ತದೊತ್ತಡ ಏರುತ್ತಾ ನಾಡಿ ನಿಧಾನವಾಗುವುದಂತೂ ತೀರ ಕೆಟ್ಟ ಸೂಚನೆ. ಕುಡಿಯಲು ಕಾಫಿ, ನೀರು ಕೊಡದೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆಯವರಿಗೊಂದು ಮಾತು. ಸ್ಕ್ಯಾನಿಂಗ್ ಯಂತ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿಯಾಗಿರಬೇಕು. ತುರ್ತು ವಿಭಾಗದಲ್ಲಿ ಬಳಸುವುದಾದರೆ ಕಾಗದಪತ್ರಗಳನ್ನು ಮೊದಲೇ ಸರಿಮಾಡಿಕೊಳ್ಳಿ. ರೋಗಿ ಬಂದ ಮೇಲೆ ಅದಕ್ಕೆ ಸಮಯವಿರುವುದಿಲ್ಲ. ದೊಡ್ಡಾಸ್ಪತ್ರೆಗೆ ಕಳುಹಿಸುವ ಚೀಟಿಯಲ್ಲಿ ಬಲಗಣ್ಣು, ಎಡಗಣ್ಣಿನ ಅಳತೆಗಳನ್ನು ಬೇರೆ ಬೇರೆಯಾಗಿ, ಅಳೆದ ಗಂಟೆ ನಿಮಿಷದ ಸಮೇತ ಬರೆಯಿರಿ. ಅಲ್ಲಿಯ ವೈದ್ಯರು ಮತ್ತೆ ಅಳೆದಾಗ, ದಾರಿಯಲ್ಲಿ ಹೊದಿಕೆ ಎಷ್ಟು ಹಿಗ್ಗಿದೆ ಎಂಬುದು ಆ ಚೀಟಿಯಿಂದಲೇ ತಿಳಿಯಬೇಕು.