ಶೋ ಬಿಟ್ಟ ಮೇಲೆ ಮನೆಗೆ ಹೇಗೆ ಹೋಗ್ತಿದ್ರಿ? ಹಳೇ ಬೆಂಗಳೂರಿನ ರಾತ್ರಿಗಳನ್ನು ಬರೆದಿಡುವ ಬಗೆ

ಹಳೇ ಬೆಂಗಳೂರಿನ ಮಾತು ಬಂದರೆ ಸಾಕು, ಎಲ್ಲರೂ ಹಳೇ ಟಾಕೀಸುಗಳ ಹೆಸರು ಹೇಳೋಕೆ ಶುರು ಮಾಡುತ್ತಾರೆ. ಪ್ಲಾಜಾ, ಲಿಡೋ, ಗ್ಯಾಲಕ್ಸಿ, ಬ್ಲೂ ಡೈಮಂಡ್, ಕಪಾಲಿ, ಸಾಗರ್, ಸ್ಟೇಟ್ಸ್. ಹತ್ತು ಹೆಸರು ಆದ ಮೇಲೆ 'ಆ ಕಾಲ ಬಿಡಿ, ಮುಗೀತು' ಅಂತ ಒಂದು ನಿಟ್ಟುಸಿರು. ಮಾತು ಅಲ್ಲಿಗೇ ನಿಲ್ಲುತ್ತದೆ. ಹೆಸರುಗಳ ಪಟ್ಟಿ ಇಂಟರ್ನೆಟ್‌ನಲ್ಲಿ ಬೇಕಾದಷ್ಟಿದೆ. ಯಾರ ಜೊತೆ ಹೋಗಿದ್ದರು, ಮನೆಯಲ್ಲಿ ಏನು ಸುಳ್ಳು ಹೇಳಿದ್ದರು, ಜೇಬಲ್ಲಿ ಎಷ್ಟಿತ್ತು, ಇದೆಲ್ಲ ಮಾತ್ರ ಎಲ್ಲೂ ಇಲ್ಲ. ಅದು ಇರೋದು ನಿಮ್ಮ ಮನೆಯ, ನಿಮ್ಮ ಬೀದಿಯ ಹಿರಿಯರ ತಲೆಯಲ್ಲಿ. ಅದನ್ನು ಹೊರಗೆ ತೆಗೆಯೋದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಸಿನಿಮಾ ಬಗ್ಗೆ ಕೇಳಬೇಡಿ. 'ಯಾವ ಪಿಕ್ಚರ್ ನೋಡಿದ್ರಿ' ಅಂದರೆ ಒಂದು ಹೆಸರು ಬರುತ್ತದೆ, ಅದೂ ಅರ್ಧ ಸಲ ತಪ್ಪಿರುತ್ತದೆ. 'ಸೆಕೆಂಡ್ ಶೋ ಬಿಟ್ಟ ಮೇಲೆ ಮನೆಗೆ ಹೇಗೆ ಹೋಗ್ತಿದ್ರಿ' ಅಂತ ಕೇಳಿ. ಈ ಒಂದು ಪ್ರಶ್ನೆಗೆ ಇಡೀ ರಾತ್ರಿ ಬಿಚ್ಚಿಕೊಳ್ಳುತ್ತದೆ. ಯಾಕಂದ್ರೆ ಆಟ ಮುಗಿಯುವ ಹೊತ್ತಿಗೆ ನಡುರಾತ್ರಿ ದಾಟಿರುತ್ತಿತ್ತು, ಸಿಟಿ ಬಸ್ಸು ನಿಂತಿರುತ್ತಿತ್ತು, ಆಟೋದವರು ಒಂದೂವರೆ ಮೀಟರ್ ಕೇಳುತ್ತಿದ್ದರು. ಆದ್ದರಿಂದ ಮೆಜೆಸ್ಟಿಕ್‌ನಿಂದ ಶ್ರೀರಾಮಪುರಕ್ಕೆ, ಚಾಮರಾಜಪೇಟೆಗೆ, ಮಲ್ಲೇಶ್ವರಕ್ಕೆ ಗುಂಪು ಗುಂಪಾಗಿ ನಡೆದೇ ಹೋಗಬೇಕಿತ್ತು. ಆ ನಡಿಗೆಯಲ್ಲಿ ಎಲ್ಲ ಇರುತ್ತದೆ. ಬೀದಿ ನಾಯಿ, ಬೀಟ್ ಪೊಲೀಸು, ಹಾಡು ಗುನುಗುತ್ತಾ ಮುಂದೆ ಹೋಗುತ್ತಿದ್ದ ಗೆಳೆಯ, ಮನೆ ಹತ್ತಿರ ಬಂದಾಗ ಚಪ್ಪಲಿ ಕೈಯಲ್ಲಿ ಹಿಡಿದದ್ದು, ಬಾಗಿಲು ತೆಗೆದವರು ಅಮ್ಮನಾ ಅಪ್ಪನಾ ಅನ್ನೋದು. ಸಿಟಿ ಬಸ್ಸಿಗೆ ಬಿಟಿಎಸ್ ಅಂತಿದ್ದ ಕಾಲದವರಾದರೆ 'ಬಿಟ್ರೆ ತಿರುಗಿ ಸಿಗಲ್ಲ' ಅನ್ನೋ ಹಳೇ ಜೋಕನ್ನೂ ತಾವೇ ಹೇಳಿ ತಾವೇ ನಗುತ್ತಾರೆ. ನಗಲಿ ಬಿಡಿ, ನಗು ಶುರುವಾದರೆ ಅರ್ಧ ಕೆಲಸ ಆದಂಗೆ.

ಫೋನ್ ರೆಕಾರ್ಡರ್ ಆನ್ ಮಾಡಿ ಮುಖದ ಮುಂದೆ ಹಿಡಿಯಬೇಡಿ. ಅವರನ್ನು ಕೇಳಿ ಒಪ್ಪಿಸಿ, ಆನ್ ಮಾಡಿ ಟೇಬಲ್ ಮೇಲೆ ಇಟ್ಟು ಮರೆತುಬಿಡಿ. ಇಬ್ಬರು ಹಳೇ ಗೆಳೆಯರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು 'ಏಯ್, ಅದು ಗೀತಾ ಅಲ್ಲ ಕಣೋ, ಹಿಮಾಲಯ' ಅಂತ ತಿದ್ದುತ್ತಾರೆ. ನೀವು ಬಾಯಿ ಹಾಕಬೇಡಿ, ಸುಮ್ನೆ ಕೂತು ಜಗಳ ಕೇಳಿ.

ಹೆಂಗಸರನ್ನು ಬೇರೆಯಾಗಿ ಕೇಳಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಜ್ಜಿಗೋ ದೊಡ್ಡಮ್ಮನಿಗೋ ಸೆಕೆಂಡ್ ಶೋ ಅನ್ನೋದು ಮನೆಯವರೆಲ್ಲ ಹೊರಟರೆ ಮಾತ್ರ. ಉಳಿದಂತೆ ಮ್ಯಾಟ್ನಿ. ಲೇಡೀಸ್ ಕ್ಯೂ ಚಿಕ್ಕದಿರುತ್ತಿತ್ತು ಅಂತ ಬೀದಿ ಹುಡುಗರೆಲ್ಲ ಅವರ ಕೈಗೆ ದುಡ್ಡು ಕೊಟ್ಟು ಟಿಕೆಟ್ ತರಿಸುತ್ತಿದ್ದದ್ದು, ಮಗು ಅತ್ತಾಗ ಹೊರಗೆ ಎದ್ದು ಹೋಗಿ ಅರ್ಧ ಕಥೆ ತಪ್ಪಿಹೋದದ್ದು, ಇವೆಲ್ಲ ಅವರ ಕಡೆಯಿಂದಲೇ ಬರಬೇಕು. ಅವರ ಊರು ಹಗಲಿನ ಊರು. ಹಾಗಂತ ಅದನ್ನು ನಿಮ್ಮ ಬರಹದಿಂದ ಬಿಟ್ಟರೆ 'ಬೆಂಗಳೂರಿನ ರಾತ್ರಿ' ಅನ್ನೋದು ಬರೀ ಗಂಡಸರ ಕಥೆ ಆಗುತ್ತದೆ.

ನೋಡಿದವರಾದ ಮೇಲೆ, ತೋರಿಸಿದವರನ್ನು ಹುಡುಕಿ. ಗೇಟ್ ಕೀಪರ್, ಸೈಕಲ್ ಸ್ಟ್ಯಾಂಡಿನವರು, ಕ್ಯಾಂಟೀನಿನವರು, ಮುಖ್ಯವಾಗಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್‌ಗಳು. ಹಳೇ ಕಾಲದ ಆಪರೇಟರ್ ಸಿಕ್ಕರೆ ಅವರು ಇಡೀ ಸಿನಿಮಾವನ್ನು ಒಂದು ಸಣ್ಣ ಕಿಂಡಿಯಿಂದ ನೋಡಿದವರು ಅನ್ನೋದು ನೆನಪಿರಲಿ. ಪ್ರೊಜೆಕ್ಟರ್‌ನ ಬೆಳಕು ಬರುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿಯಿಂದ. ಕಡ್ಡಿ ಉರಿದಂತೆ ಸವೆಯುತ್ತದೆ, ಅದನ್ನು ಸರಿಸುತ್ತಲೇ ಇರಬೇಕು, ಇಲ್ಲದಿದ್ದರೆ ಪರದೆ ಮಂಕಾಗಿ ಕೆಳಗಿನಿಂದ ಸಿಳ್ಳೆ. ಎರಡು ಸಾವಿರ ಅಡಿಯ ರೀಲು ಇಪ್ಪತ್ತೆರಡು ನಿಮಿಷದಷ್ಟು ಓಡುತ್ತದೆ. ಅದು ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಅದು ಕಂಡ ಕೂಡಲೇ ಪಕ್ಕದ ಪ್ರೊಜೆಕ್ಟರ್ ಸ್ಟಾರ್ಟ್ ಮಾಡಬೇಕು, ಎರಡನೇ ಚುಕ್ಕೆಗೆ ಅದಕ್ಕೆ ಬದಲಾಯಿಸಬೇಕು. ಕೆಳಗೆ ಕೂತವರಿಗೆ ಇದೇನೂ ಗೊತ್ತಾಗುತ್ತಿರಲಿಲ್ಲ. ಒಂದೇ ಪ್ರಿಂಟ್ ಎರಡು ಟಾಕೀಸಿಗೆ ಹಂಚಿಕೊಂಡಿದ್ದಾಗ ರೀಲ್ ಡಬ್ಬ ಹೊತ್ತ ಸೈಕಲ್ ಹುಡುಗ ಬರೋದು ತಡವಾದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿ ನೋಡಿ. ಆಮೇಲೆ ನೀವು ಏನೂ ಕೇಳಬೇಕಾಗಿಲ್ಲ.

ಇನ್ನು ಜಾಗಗಳು. ನಕ್ಷೆ ಮಾಡೋಕೆ ಸುಲಭ ದಾರಿ ಬಸ್ ಸ್ಟಾಪ್‌ಗಳು. ಟಾಕೀಸು ಹೋದರೂ ಹೆಸರು ಹೋಗಲ್ಲ. ಮಿನರ್ವ ಥಿಯೇಟರ್ ಇಲ್ಲ, ಮಿನರ್ವ ಸರ್ಕಲ್ ಇದೆ. ಮೆಜೆಸ್ಟಿಕ್ ಥಿಯೇಟರ್ ಇಲ್ಲ, ಆದರೆ ಅರ್ಧ ಕರ್ನಾಟಕ ಇಂದಿಗೂ ಬಸ್ಸಿಳಿಯೋದು 'ಮೆಜೆಸ್ಟಿಕ್'ನಲ್ಲೇ. ಲಿಡೋ ಹೋಗಿ ಮಾಲ್ ಬಂದಿದೆ, ಹಲಸೂರಿನ ಕಡೆಯವರ ಬಾಯಲ್ಲಿ ಅದಿನ್ನೂ ಲಿಡೋ. ಕಂಡಕ್ಟರ್ ಕೂಗುವ ಹೆಸರುಗಳನ್ನು ಕಿವಿಗೊಟ್ಟು ಕೇಳಿ, ಬರೆದುಕೊಳ್ಳಿ, ನಕ್ಷೆಯಲ್ಲಿ ಚುಕ್ಕಿ ಇಡಿ.

ಆಮೇಲೆ ನಡೆಯಿರಿ. ಎರಡು ನಡಿಗೆ ಬೇಕು, ಏಕೆಂದರೆ ರಾತ್ರಿಯ ವಿಷಯದಲ್ಲಿ ಪೇಟೆ ಬೇರೆ, ದಂಡು ಅಂದರೆ ಕಂಟೋನ್ಮೆಂಟ್ ಬೇರೆ.

ಪೇಟೆಯ ಕಡೆಯದ್ದು ಸಿಟಿ ಮಾರ್ಕೆಟ್‌ನಿಂದ ಶುರುವಾಗಲಿ. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕರೆಂಟಿನಿಂದ ಊರಿನ ಮೊದಲ ಬೀದಿ ದೀಪ ಹೊತ್ತಿದ್ದು ಇಲ್ಲೇ. ದೀಪ ಬಂದ ಮೇಲೆ ತಾನೇ ರಾತ್ರಿ ಊರು ಸುತ್ತೋದು? ಕನ್ನಡದ ಮೊದಲ ಟಾಕಿ ಸಿನಿಮಾ 1934ರಲ್ಲಿ ತೆರೆಕಂಡದ್ದೂ ಇದೇ ಮಾರ್ಕೆಟ್ ಹತ್ತಿರದ ಪ್ಯಾರಮೌಂಟ್‌ನಲ್ಲಿ, ಅದಕ್ಕಿಂತ ಮುಂಚೆ ಅದು ದೊಡ್ಡಣ್ಣ ಹಾಲ್. ಅಲ್ಲಿಂದ ಮೈಸೂರ್ ಬ್ಯಾಂಕ್ ಸರ್ಕಲ್‌ಗೆ ಬಂದು ಕೆಂಪೇಗೌಡ ರಸ್ತೆಯಲ್ಲಿ ಮೆಜೆಸ್ಟಿಕ್ ಕಡೆಗೆ ನಡೆಯಿರಿ. ಸಾಗರ್, ಗೀತಾ, ಹಿಮಾಲಯ, ಕೆಂಪೇಗೌಡ, ಸಂತೋಷ್, ನರ್ತಕಿ, ಸಪ್ನ, ಮೇನಕಾ, ಆಚೆ ಗಾಂಧಿನಗರದಲ್ಲಿ ಇನ್ನಷ್ಟು. ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಟಾಕೀಸು ಇದ್ದದ್ದರಿಂದಲೇ ಒಂದು ಕಡೆ ಹೌಸ್‌ಫುಲ್ ಬೋರ್ಡ್ ಬಿದ್ದರೆ ಜನ ಓಡಿಹೋಗಿ ಇನ್ನೊಂದು ಕಡೆ ಕ್ಯೂ ನಿಲ್ಲುತ್ತಿದ್ದರು. ಈಗ ಮಳಿಗೆಗಳ ಗಾಜು ನೋಡಿಕೊಂಡು ಹೋದರೆ ಏನೂ ಕಾಣಲ್ಲ, ತಲೆ ಎತ್ತಿ ಮೇಲಿನ ಮಹಡಿಗಳನ್ನು ನೋಡಿ. ದೊಡ್ಡ ಕಟೌಟ್ ನಿಲ್ಲಿಸುತ್ತಿದ್ದ ಜಾಗ ಎಲ್ಲಿತ್ತು ಅಂತ ಜೊತೆಗಿರುವ ಹಿರಿಯರನ್ನು ಕೇಳಿ, ಬೆರಳು ಮಾಡಿ ತೋರಿಸುತ್ತಾರೆ.

ಕಪಾಲಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. 1968ರಲ್ಲಿ ಶುರುವಾದ ಈ ಥಿಯೇಟರ್‌ನಲ್ಲಿ ಸಿನೆರಾಮಾ ಅನ್ನೋ ಅಗಲ ಚಿತ್ರದ ಪದ್ಧತಿಗೆ ಅಂತ ಬಾಗಿದ ದೊಡ್ಡ ಪರದೆ ಇತ್ತು, ಒಳಗೆ ಹೋದವರು ಮೊದಲು ನೋಡುತ್ತಿದ್ದದ್ದು ಸಿನಿಮಾ ಅಲ್ಲ, ಆ ಹಾಲನ್ನೇ. 2017ರಲ್ಲಿ ಮುಚ್ಚಿತು, ಆಮೇಲೆ ಕಟ್ಟಡವೂ ಹೋಯಿತು. ಕಪಾಲಿಯಲ್ಲಿ ಎಲ್ಲಿ ಕೂರುತ್ತಿದ್ದಿರಿ ಅಂತ ಕೇಳಿದರೆ ಪರದೆ ಮುಂದಿನ ಅಗ್ಗದ ಗಾಂಧಿ ಕ್ಲಾಸಾ ಬಾಲ್ಕನಿಯಾ ಅನ್ನೋದರಲ್ಲೇ ಆ ಮನೆಯ ಹಣಕಾಸು ಗೊತ್ತಾಗುತ್ತದೆ.

ಬರೀ ಸಿನಿಮಾ ಅಂದುಕೊಳ್ಳಬೇಡಿ. ಗಾಂಧಿನಗರದ ಗುಬ್ಬಿ ಥಿಯೇಟರ್‌ನಲ್ಲಿ ಕಂಪನಿ ನಾಟಕಗಳು, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿ, ಗಣೇಶನ ಹಬ್ಬಕ್ಕೆ ಎಪಿಎಸ್ ಕಾಲೇಜು ಮೈದಾನ, ಬೀದಿಯಲ್ಲಿ ಕೂರಿಸಿದ ಅಣ್ಣಮ್ಮ ದೇವಿಯ ಮುಂದೆ ಆರ್ಕೆಸ್ಟ್ರಾ. ಕೋಟೆ ಹೈಸ್ಕೂಲಿನ ಕಚೇರಿ ನಡೆಸುವ ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ, ಇಂದಿಗೂ ನಡೆಯುತ್ತಿದೆ. ಟಿಕೆಟ್ ತಗೊಂಡು ಒಳಗೆ ಕೂತವರಿಗಿಂತ ಹೊರಗೆ ಫುಟ್‌ಪಾತ್ ಮೇಲೆ ಪೇಪರ್ ಹಾಸಿಕೊಂಡು ಕೇಳಿದವರ ನೆನಪು ನನಗೆ ಜಾಸ್ತಿ ಇಷ್ಟ. ಸರ್ಕಸ್ ಬಗ್ಗೆ ಕೇಳುವಾಗ ಮಾತ್ರ ಎಚ್ಚರ. 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಕೆಲವು ಮನೆಗಳಲ್ಲಿ ಆ ಮಾತೇ ಬೇಡ. ಮುಖ ನೋಡಿ ಬೇರೆ ವಿಷಯಕ್ಕೆ ಹೋಗಿ.

ದಂಡಿನ ನಡಿಗೆ ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್‌ನಿಂದ. 2011ರಲ್ಲಿ ಮೆಟ್ರೋ ಓಡಿದ ಮೇಲೆ ಬೆಂಗಳೂರಿಗೆ ಬಂದವರಿಗೆ ಇಲ್ಲಿ ಮರಗಳ ಕೆಳಗೆ ಉದ್ದಕ್ಕೂ ಒಂದು ಬೂಲೆವಾರ್ಡ್ ಇತ್ತು ಅಂದರೆ ನಂಬಲ್ಲ. ಟಿಕೆಟ್ ಇರಲಿ ಬಿಡಲಿ, ಸಂಜೆ ಅಲ್ಲಿ ನಡೆಯೋದೇ ಒಂದು ಮನರಂಜನೆ. 1936ರ ಪ್ಲಾಜಾ ಇದ್ದದ್ದು ಈ ರಸ್ತೆಯಲ್ಲೇ. ಬ್ರಿಗೇಡ್ ರೋಡಿಗೆ ತಿರುಗಿದರೆ ರೆಕ್ಸ್ ಇದ್ದ ಜಾಗ, ಅದು ಕೊನೆ ಆಟ ಹಾಕಿದ್ದು 2018ರ ಡಿಸೆಂಬರ್ 31ಕ್ಕೆ. ಅದೇ ಬ್ರಿಗೇಡ್ ರೋಡಿನಲ್ಲಿ ಹೊಸ ವರ್ಷಕ್ಕೆ ಕಾಲಿಡೋಕೆ ಜಾಗ ಇರದ ರಾತ್ರಿ ಅದು, ನೋಡಿ. ರೆಸಿಡೆನ್ಸಿ ರೋಡ್ ಮೂಲೆಯ ಆಪರಾ ಹೌಸ್ ಕಟ್ಟಡ ಮಾತ್ರ ನಿಂತಿದೆ, ಒಳಗೆ ಈಗ ಫೋನು ಟಿವಿ ಮಾರುತ್ತಾರೆ. ಎಪ್ಪತ್ತರ ದಶಕದ ಕ್ಯಾಬರೆ ಬಗ್ಗೆ ಕೇಳಿದರೆ ಎಂ.ಜಿ. ರೋಡಿನ ತ್ರೀ ಏಸಸ್ ಹೆಸರು ಬರುತ್ತದೆ, ಜೊತೆಗೇ 'ನಾನು ಹೋಗಿಲ್ಲಪ್ಪ, ಫ್ರೆಂಡ್ ಹೇಳಿದ್ದು' ಅನ್ನೋ ಮಾತೂ. ಆ ಫ್ರೆಂಡ್ ಯಾರು ಅಂತ ಕೇಳಬೇಡಿ.

ಪಬ್‌ಗಳು ಎಂಬತ್ತರ ದಶಕದ ಕಥೆ. ಮಗ್‌ನಲ್ಲಿ ಡ್ರಾಟ್ ಬಿಯರ್, ಸ್ಪೀಕರ್‌ನಲ್ಲಿ ರಾಕ್, ಊರಿಗೆ 'ಪಬ್ ಸಿಟಿ' ಅನ್ನೋ ಬಿರುದು. ಚರ್ಚ್ ಸ್ಟ್ರೀಟಿನ ನಾಸಾ ಪಬ್ಬಿನ ಒಳಗೆ ಅಂತರಿಕ್ಷ ನೌಕೆ ಥರ ಅಲಂಕಾರ, ಅದು ಈಗಿಲ್ಲ. ರೆಸ್ಟ್ ಹೌಸ್ ರೋಡಿನ ಪೆಕೋಸ್ ಇನ್ನೂ ಇದೆ, ಹೋಗಿ ಕೂತು ಮಾತಾಡಬಹುದು. ಕುಡಿಯದ ಹಿರಿಯರಾದರೆ ಕಾಫಿ ಹೌಸ್. ಎಂ.ಜಿ. ರೋಡಿನಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಇಲ್ಲೂ ಅದೇ ಪ್ರಶ್ನೆ ಕೆಲಸ ಮಾಡುತ್ತದೆ. ರಾತ್ರಿ 11.30ಕ್ಕೆ ಪಬ್‌ಗಳಲ್ಲಿ ಲೈಟ್ ಹಾಕಿ ಎಬ್ಬಿಸುತ್ತಿದ್ದ ಕಾಲದಲ್ಲಿ ಆಮೇಲೆ ಎಲ್ಲಿ ಹೋಗುತ್ತಿದ್ದಿರಿ, ಏನು ತಿನ್ನುತ್ತಿದ್ದಿರಿ, ಸ್ಕೂಟರ್ ಯಾರು ಓಡಿಸುತ್ತಿದ್ದರು?

ಇಸವಿಗಳನ್ನು ನೇರವಾಗಿ ನಂಬಬೇಡಿ. 'ಎಪ್ಪತ್ತೈದೋ ಎಂಬತ್ತೈದೋ' ಅಂತಲೇ ಹೇಳುತ್ತಾರೆ. ಗೂಟ ಹೊಡೆಯೋಕೆ ದೊಡ್ಡ ಘಟನೆ ಹಿಡಿಯಿರಿ. ಆಗ ಬಸ್ಸಿಗೆ ಬಿಟಿಎಸ್ ಅಂತಿದ್ದರಾ ಬಿಎಂಟಿಸಿ ಅಂತಿದ್ದರಾ? ಬಿಎಂಟಿಸಿ ಆದದ್ದು 1997ರಲ್ಲಿ. ಅಣ್ಣಾವ್ರ ಅಪಹರಣ ಆದ ವರ್ಷಕ್ಕೆ ಮುಂಚೆಯಾ ಆಮೇಲಾ? ಅದು 2000. ಕೋರಮಂಗಲದ ಫೋರಂ ಮಾಲ್ ಬಂದಿತ್ತಾ? ಅದು 2004. ಇದಾದ ಮೇಲೆ ಗ್ರಂಥಾಲಯದಲ್ಲಿ ಹಳೇ ಪತ್ರಿಕೆಯ ಕಟ್ಟು ತೆರೆದು ಸಿನಿಮಾ ಜಾಹೀರಾತಿನ ಪುಟ ನೋಡಿ. ಯಾವ ಚಿತ್ರ ಯಾವ ಟಾಕೀಸಿನಲ್ಲಿ, ದಿನಕ್ಕೆ ಎಷ್ಟು ಆಟ, ಎಷ್ಟನೇ ವಾರ ಅಂತ ಸಾಲಾಗಿ ಹಾಕಿರುತ್ತಾರೆ. ಒಂದೇ ಜಾಗಕ್ಕೆ ಎರಡು ಹೆಸರು ಇರೋದನ್ನೂ ಗಮನಿಸಿ, ಸ್ಟೇಟ್ಸ್ ಆಮೇಲೆ ಭೂಮಿಕಾ ಆಯಿತು. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಇಬ್ಬರೂ ಸರಿ ಇರಬಹುದು.

ಮನೆಯ ಆಲ್ಬಮ್ಮನ್ನು ಮರೆಯಬೇಡಿ. ಫೋಟೋದಲ್ಲಿರುವವರನ್ನು ಬಿಟ್ಟು ಹಿಂದಿನದನ್ನು ನೋಡಿ. ಮದುವೆಗೆ ಸೀರೆ ತರೋಕೆ ಹೋದಾಗ ತೆಗೆದ ಚಿತ್ರದ ಮೂಲೆಯಲ್ಲಿ ಒಂದು ಪೋಸ್ಟರ್, ಅರ್ಧ ಬೋರ್ಡ್ ಸಿಗುತ್ತದೆ. ಪುಸ್ತಕದ ಮಧ್ಯೆ ತೆಳ್ಳನೆ ಬಣ್ಣದ ಅರ್ಧ ಟಿಕೆಟ್ ಸಿಕ್ಕರೆ ಎರಡೂ ಕಡೆ ಸ್ಕ್ಯಾನ್ ಮಾಡಿ, ಹಿಂದೆ ಬಾಲ್‌ಪೆನ್ನಿನಲ್ಲಿ ಸೀಟ್ ನಂಬರ್ ಇರುತ್ತದೆ. ಲ್ಯಾಮಿನೇಷನ್ ಬೇಡ.

ಎಲ್ಲ ಸೇರಿದ ಮೇಲೆ ಹೊರಗೆ ಹಾಕುವ ಮುಂಚೆ ಹೇಳಿದವರಿಗೆ ಓದಿ ಹೇಳಿ. ಸಿಗರೇಟು, ಬ್ಲ್ಯಾಕ್ ಟಿಕೆಟ್, ಹಳೇ ಪ್ರೀತಿ, ಇಂಥದ್ದು ಬಂದಲ್ಲಿ ಅವರು ಬೇಡ ಅಂದರೆ ತೆಗೆಯಿರಿ, ವಾದ ಬೇಡ. ಕೊನೆಗೆ ಚುಕ್ಕಿ ಇಟ್ಟ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಒಂದು ಕೆಂಪು ಪೆನ್ನಿನ ಜೊತೆ ಅವರ ಮುಂದೆಯೇ ಇಡಿ. ನಡೆದು ಹೋಗುತ್ತಿದ್ದ ದಾರಿಯನ್ನು ಅವರೇ ಗೆರೆ ಎಳೆಯಲಿ. ಆ ಗೆರೆ ಈಗಿನ ಒನ್‌ವೇಗೂ ಫ್ಲೈಓವರ್‌ಗೂ ತಾಳೆಯಾಗದಿದ್ದರೆ ತಿದ್ದೋಕೆ ಹೋಗಬೇಡಿ, ಹಾಗೇ ಸ್ಕ್ಯಾನ್ ಮಾಡಿ ಫೈಲಿಗೆ ಅವರ ಬಡಾವಣೆಯ ಹೆಸರು ಕೊಡಿ.