ಟೊಲ್ಯೂಯೀನ್ ಅಣುಗಳು ಎಷ್ಟು ಬೇಗ ಹೊರಳುತ್ತವೆ? ಲೇಸರ್‌ನಿಂದ ಅಳೆಯುವ ಬಗೆ

ಪೇಂಟ್ ಥಿನ್ನರ್‌ನಲ್ಲಿ ಇರುವ ಟೊಲ್ಯೂಯೀನ್ ನೋಡಲು ನೀರಿನಷ್ಟೇ ತಿಳಿ. ಒಳಗಿನ ಅಣುಗಳು ಮಾತ್ರ ಸುಮ್ನೆ ಇರುವುದಿಲ್ಲ, ಕೆಲವೇ ಪಿಕೋಸೆಕೆಂಡಿನಲ್ಲಿ ದಿಕ್ಕು ಬದಲಿಸುತ್ತವೆ. ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ! ಎಂ.ಎಸ್‌ಸಿ. ಲ್ಯಾಬ್‌ನಲ್ಲಿ ಇದನ್ನು ಅಳೆಯಬಹುದು.

ಮೊದಲ ಕೆಲಸ ದ್ರವವನ್ನು ಶುದ್ಧ ಮಾಡುವುದು. ಜಾಸ್ತಿ ಸಮಯ ಇದಕ್ಕೇ ಕೊಡಿ. ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಕಪಾಟು) ಒಳಗೆ, 0.2 ಮೈಕ್ರಾನ್ ಟೆಫ್ಲಾನ್ ಫಿಲ್ಟರ್‌ನಲ್ಲಿ ಸೋಸಿ, ಗಾಜಿನ ಕ್ಯುವೆಟ್‌ಗೆ, ಅಂದರೆ ಬೆಳಕು ಹಾಯಿಸುವ ಪುಟ್ಟ ಪಾತ್ರೆಗೆ, ತುಂಬಿಸಿ ಮುಚ್ಚಿ. ಪಾಲಿಸ್ಟೈರೀನ್ ಕ್ಯುವೆಟ್ ಬೇಡ, ಟೊಲ್ಯೂಯೀನ್‌ನಲ್ಲಿ ಅದೇ ಕರಗುತ್ತದೆ. ಲೇಸರ್ ಹಾಯಿಸಿದಾಗ ಕಿರಣದೊಳಗೆ ಚುಕ್ಕೆಗಳು ಮಿನುಗಿ ಓಡಾಡಿದರೆ ಅದು ಧೂಳು. ಮತ್ತೆ ಸೋಸಿ. ಕಿರಣ ಒಂದೇ ಸಮನಾಗಿ, ಮಂಕಾಗಿ ಕಾಣುವವರೆಗೆ ಮುಂದೆ ಹೋಗಬೇಡಿ.

ಲೇಸರ್ ಒಂದೇ ಮೋಡ್‌ನದ್ದಾಗಿರಲಿ, ಅಂದರೆ ಒಂದೇ ಆವರ್ತನದ ಬೆಳಕು ಕೊಡಲಿ. 632.8 ನ್ಯಾನೋಮೀಟರ್‌ನ ಹೀಲಿಯಂ-ನಿಯಾನ್ ಸಾಕು. ಅದರ ಧ್ರುವೀಕರಣ (ಬೆಳಕಿನ ಅಲೆ ಅಲುಗುವ ದಿಕ್ಕು) ಲಂಬವಾಗಿರಬೇಕು, ಚದುರಿದ ಬೆಳಕನ್ನು 90 ಡಿಗ್ರಿ ಪಕ್ಕದಿಂದ ಹಿಡಿಯಬೇಕು. ಲೇಸರ್‌ನಿಂದ ಕಣ್ಣು ಕಾಯುವ ಕನ್ನಡಕ ಮರೆಯಬೇಡಿ.

ಇಡೀ ಪ್ರಯೋಗದ ಜೀವ ಇರುವುದು ಪಕ್ಕದಲ್ಲಿಡುವ ಪೋಲರೈಸರ್‌ನಲ್ಲಿ. ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕನ್ನು ಮಾತ್ರ ಅದು ಬಿಡುತ್ತದೆ. ಅದನ್ನೂ ಲಂಬವಾಗಿಟ್ಟರೆ ಫ್ಯಾಬ್ರಿ-ಪೆರೊ ಉಪಕರಣದಲ್ಲಿ (ಎದುರುಬದುರು ಕನ್ನಡಿಗಳಿಂದ ಬೆಳಕಿನ ಆವರ್ತನಗಳನ್ನು ಬೇರ್ಪಡಿಸಿ ತೋರಿಸುವ ಸಾಧನ) ನಡುವಿನ ರೇಖೆಯ ಎರಡೂ ಬದಿಗೆ, ಸುಮಾರು 4.4 ಗಿಗಾಹರ್ಟ್ಸ್ ದೂರದಲ್ಲಿ, ಎರಡು ಶಿಖರಗಳು ಕಾಣುತ್ತವೆ. ದ್ರವದೊಳಗೆ ಸದಾ ಓಡುವ ಶಬ್ದದ ಅಲೆಗಳ ಗುರುತು ಅವು. ರೈಲು ಹತ್ತಿರ ಬಂದಾಗ, ದೂರ ಹೋದಾಗ ಹಾರ್ನ್ ಬದಲಾಗುತ್ತದಲ್ವಾ, ಇಲ್ಲಿ ಬೆಳಕಿಗೂ ಹಾಗೇ ಆಗುತ್ತದೆ. ಲೇಸರ್ ಬರುವುದಕ್ಕೆ ಎಷ್ಟೋ ಮುಂಚೆ, 1930ರ ದಶಕದಲ್ಲೇ, ಸಿ.ವಿ. ರಾಮನ್ ಮತ್ತು ಬಿ.ವಿ. ರಾಘವೇಂದ್ರ ರಾವ್ ಬೆಂಗಳೂರಿನಲ್ಲಿ ಇವನ್ನು ದ್ರವಗಳಲ್ಲಿ ಅಳೆದಿದ್ದರು ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ಈಗ ಪೋಲರೈಸರನ್ನು ಅಡ್ಡ ತಿರುಗಿಸಿ. ಶಿಖರಗಳು ಹೋಗಿ, ಅಗಲವಾದ ಒಂದು ದಿಬ್ಬ ಉಳಿಯುತ್ತದೆ. ಇದೇ ಹೊರಳಾಟದ ಗುರುತು, ಅಣುಗಳು ಬೇಗ ಹೊರಳಿದಷ್ಟೂ ದಿಬ್ಬ ಅಗಲ. ದಿಬ್ಬ ಪೂರ್ತಿ ಹಿಡಿಸಬೇಕೆಂದರೆ ಕನ್ನಡಿಗಳ ನಡುವಿನ ಅಂತರವನ್ನು 1 ಸೆಂಟಿಮೀಟರ್‌ನಿಂದ ಅರ್ಧ ಮಿಲಿಮೀಟರ್‌ಗೆ ಇಳಿಸಿ, ಆಗ ಒಮ್ಮೆಗೆ ಕಾಣುವ ಆವರ್ತನಗಳ ಹರವು 15ರಿಂದ 300 ಗಿಗಾಹರ್ಟ್ಸ್‌ಗೆ ಏರುತ್ತದೆ. ಟೊಲ್ಯೂಯೀನ್ ಬದಲು ಸೈಕ್ಲೋಹೆಕ್ಸೇನ್ ಅನ್ನುವ ದ್ರವ ಹಾಕಿಯೂ ನೋಡಿ, ಈ ಬೆಳಕು ತೀರಾ ಕಡಿಮೆ ಬರುತ್ತದೆ. ಟೊಲ್ಯೂಯೀನ್‌ನ ಚಪ್ಪಟೆ ಉಂಗುರ ಎಲ್ಲ ದಿಕ್ಕಿಗೂ ಒಂದೇ ತರ ಬೆಳಕಿಗೆ ಸ್ಪಂದಿಸುವುದಿಲ್ಲ, ವ್ಯತ್ಯಾಸ ಅದರಿಂದಲೇ.

ದಿಬ್ಬದ ಅರ್ಧ ಎತ್ತರದಲ್ಲಿ ಅಗಲ ಅಳೆದು, ಅದರ ಅರ್ಧವನ್ನು 6.28ರಿಂದ ಗುಣಿಸಿ, 1ನ್ನು ಅದರಿಂದ ಭಾಗಿಸಿ. ಅರ್ಧ ಅಗಲ 30 ಗಿಗಾಹರ್ಟ್ಸ್ ಬಂದರೆ ಸಮಯ ಸುಮಾರು 5.3 ಪಿಕೋಸೆಕೆಂಡ್. ಇದು ಒಂಟಿ ಅಣುವಿನ ಲೆಕ್ಕ ಅಲ್ಲ, ನೆರೆಯ ಅಣುಗಳ ಪ್ರಭಾವವೂ ಇದರಲ್ಲಿ ಸೇರಿರುತ್ತದೆ.

ಆಮೇಲೆ ಕ್ಯುವೆಟ್ ತಂಪು ಮಾಡಿ ಮತ್ತೆ ಅಳೆಯಿರಿ. ದ್ರವ ಮಂದವಾದಂತೆ ಅಣುಗಳು ನಿಧಾನವಾಗುತ್ತವೆ, ದಿಬ್ಬ ಕಿರಿದಾಗುತ್ತದೆ.