ಮಲೆನಾಡಿನ ಮಳೆಗಾಲಕ್ಕೆ ಲ್ಯಾಪ್‌ಟಾಪ್, ಮೊಬೈಲ್ ಮತ್ತು ದಿನದ ಕೆಲಸವನ್ನು ಸಜ್ಜುಗೊಳಿಸುವ ಬಗೆ

ಲ್ಯಾಪ್‌ಟಾಪ್, ಮೊಬೈಲ್‌ಗಳ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ದಿನವಿಡೀ ಕರೆಂಟು ಇರುವ, ಗೋಡೆಗಳು ಒಣಗಿರುವ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ಅವು ಅರ್ಧಕ್ಕರ್ಧ ಹೊಂದುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಗಾಳಿಗೆ ಕೊಂಬೆಯೊಂದು ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಕೆಲವು ಗಂಟೆಗಳ ನಂತರ ಟವರಿನ ಬ್ಯಾಟರಿ ಬರಿದಾಗಿ ಸಿಗ್ನಲ್ ಕೂಡ ಹೋಗುತ್ತದೆ. ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವ ನಾನು ಈ ನಾಲ್ಕು ತಿಂಗಳು ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಕ್ರಮವನ್ನು ನಷ್ಟ ಅನುಭವಿಸಿಯೇ ಕಲಿತೆ. ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಸಿದ್ಧತೆ ಆರಂಭವಾಗಬೇಕಾದದ್ದು ಜೂನ್‌ನಲ್ಲಲ್ಲ, ಏಪ್ರಿಲ್‌ನಲ್ಲಿ. ಸಿಡಿಲಿನ ಕಾಟ ಹೆಚ್ಚಿರುವುದು ಆರಿದ್ರಾ, ಪುನರ್ವಸು ಮಳೆಗಳ ಜಡಿಯಲ್ಲಲ್ಲ; ಅದಕ್ಕೂ ಮುಂಚಿನ ಭರಣಿ, ಕೃತಿಕೆಯ ಸಂಜೆಗಳಲ್ಲಿ, ಆಮೇಲೆ ಚಿತ್ತೆ, ಸ್ವಾತಿಯಲ್ಲಿ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ ಗುಡುಗು ಕೇಳಿದ ಕೂಡಲೇ ಅಪ್ಪ ಒಳಗಿನಿಂದ "ಪಿನ್ ತೆಗ್ದ್ಯೇನೋ?" ಎಂದು ಕೂಗಿದರು. ನಾನು ರೂಟರಿನ ಪಿನ್ನನ್ನೂ ಲ್ಯಾಪ್‌ಟಾಪಿನ ಪಿನ್ನನ್ನೂ ಕಿತ್ತು ನಿಶ್ಚಿಂತೆಯಿಂದ ಕುಳಿತೆ. ಹಳೆಯ ದೂರವಾಣಿಯ ತಾಮ್ರದ ತಂತಿ ಮಾತ್ರ ರೂಟರಿನ ಹಿಂದೆ ಹಾಗೆಯೇ ಇತ್ತು. ಸಿಡಿಲು ಬಿದ್ದದ್ದು ತೋಟದ ಆಚೆಯ ಗುಡ್ಡದಲ್ಲಿ. ಆದರೂ ರೂಟರ್ ಸುಟ್ಟಿತು, ಅದರಿಂದ ಲ್ಯಾಪ್‌ಟಾಪಿಗೆ ಹೋಗಿದ್ದ ಲ್ಯಾನ್ ಕೇಬಲಿನ ಮೂಲಕ ಲ್ಯಾಪ್‌ಟಾಪಿನ ಮದರ್‌ಬೋರ್ಡೂ ಹೋಯಿತು. ಆದ್ದರಿಂದ ಪಿನ್ ಕೀಳುವುದೆಂದರೆ ಉಪಕರಣಕ್ಕೆ ಹೊರಗಿನಿಂದ ಬರುವ ಪ್ರತಿಯೊಂದು ಲೋಹದ ತಂತಿಯನ್ನೂ, ಅಂದರೆ ವಿದ್ಯುತ್, ದೂರವಾಣಿ, ಡಿಶ್ ಮತ್ತು ಲ್ಯಾನ್ ತಂತಿಗಳೆಲ್ಲವನ್ನೂ ಬಿಡಿಸುವುದೆಂದು ತಿಳಿಯಬೇಕು. ಫೈಬರ್ ಕೇಬಲಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಅದನ್ನು ಹೊತ್ತು ತರುವ ಕೇಬಲಿನಲ್ಲಿ ಉಕ್ಕಿನ ತಂತಿ ಇದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಕೇಬಲಿನವರಿಗೆ ಹೇಳಿ.

ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸ್ಥೂಲವಾಗಿ ತಿಳಿಯುತ್ತದೆ. ಮೂವತ್ತು ಸೆಕೆಂಡು ಬಂದಾಗಲೇ ತಂತಿಗಳನ್ನು ಬಿಡಿಸಿ ಮುಗಿಸಿರಬೇಕು. ಗುಡುಗು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟಲು ಹೋಗಬಾರದು, ಉಪಕರಣ ಹೋದರೆ ಹೋಗಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ಅದನ್ನು ಮೊಬೈಲಿನಲ್ಲಿ ಹಾಕಿಕೊಳ್ಳಿ. ವೋಲ್ಟೇಜ್ ಹೊಡೆತವನ್ನು ತಡೆಯುವ ಸ್ಪೈಕ್ ಗಾರ್ಡ್ ಇದೆಯೆಂದು ನೆಚ್ಚಿ ಕೂರಬೇಡಿ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಅದರಿಂದ ಸಿಗುವ ರಕ್ಷಣೆ ಅಲ್ಪ, ಮತ್ತು ಪ್ರತಿ ಹೊಡೆತಕ್ಕೂ ಅದರೊಳಗಿನ ಬಿಡಿಭಾಗ ಸವೆಯುತ್ತಾ ಹೋಗುತ್ತದೆ. ಹಳೆಯ ಮನೆಗಳಲ್ಲಿ ಸ್ಪೈಕ್ ಗಾರ್ಡಿಗಿಂತ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ತಿಂಗ್ ಪರೀಕ್ಷಿಸುವುದಕ್ಕೆ ಹಣ ಖರ್ಚು ಮಾಡಿ.

ಕರೆಂಟು ಹೋದಾಗ ಬೇಕಾಗುವ ವಸ್ತುಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಇನ್ವರ್ಟರ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಅಭಿಪ್ರಾಯ ಬೇರೆ. ಮನೆಗೆ ಫೈಬರ್ ಬಂದಿದ್ದರೆ ರೂಟರಿಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಮೊದಲು ಬರಲಿ. ಅದು ಅಗ್ಗ, ಅಂಗೈಯಗಲದ್ದು, ಮತ್ತು ಕೆಲವು ಗಂಟೆ ಇಂಟರ್‌ನೆಟ್ಟನ್ನು ಉಳಿಸಿಕೊಡುತ್ತದೆ. ಅದರ ಜೊತೆಗೆ ಮೊಬೈಲಿನಲ್ಲಿ ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ವೈಫೈ ಮೂಲಕ ಕರೆ ಮಾಡುವ ಆಯ್ಕೆ, ಆನ್ ಮಾಡಿಟ್ಟರೆ ಟವರ್ ಸಿಗದ ಮನೆಯಲ್ಲೂ ಕರೆಗಳು ಬರುತ್ತವೆ. ನಮ್ಮ ಕಣಿವೆಯ ಅನೇಕರು ಈ ಸೌಲಭ್ಯ ತಮ್ಮ ಮೊಬೈಲಿನಲ್ಲೇ ಇದ್ದರೂ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಮಾತನಾಡುವುದನ್ನು ನೋಡಿದ್ದೇನೆ.

ಇನ್ವರ್ಟರ್ ಇರುವವರು ಒಂದು ಲೆಕ್ಕವನ್ನು ತಿಳಿದಿರಬೇಕು. 12 ವೋಲ್ಟಿನ 150 ಎ.ಎಚ್. (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇರುತ್ತದೆ; ಬ್ಯಾಟರಿ ಬಾಳಬೇಕೆಂದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸಬೇಕು. ಒಂದು ಲ್ಯಾಪ್‌ಟಾಪ್, ರೂಟರ್ ಮತ್ತು ಎರಡು ಎಲ್ಇಡಿ ಬಲ್ಬುಗಳು ಸೇರಿ 80 ವ್ಯಾಟ್ ಎಂದುಕೊಂಡರೆ, ಇನ್ವರ್ಟರಿನಲ್ಲೇ ನಷ್ಟವಾಗುವ ಪಾಲನ್ನು ಕಳೆದು ಎಂಟೊಂಬತ್ತು ಗಂಟೆ ಸಿಗುತ್ತದೆ, ಅದಕ್ಕೆ ಫ್ಯಾನು, ಟಿ.ವಿ. ಸೇರಿಸಿದರೆ ಸಂಜೆಯೊಳಗೆ ಮುಗಿಯುತ್ತದೆ. ಇನ್ನೊಂದು ಮಾತು ಇನ್ವರ್ಟರಿನ ಹಿಂದಿರುವ ಸ್ವಿಚ್ಚಿನದು. ಅದು ಯುಪಿಎಸ್ ಸ್ಥಾನದಲ್ಲಿದ್ದರೆ ವೋಲ್ಟೇಜ್ ಸ್ವಲ್ಪ ಇಳಿದಾಗಲೇ ಇನ್ವರ್ಟರ್ ಬ್ಯಾಟರಿಗೆ ಹೊರಳುತ್ತದೆ. ನಮ್ಮ ಊರುಗಳಲ್ಲಿ ಸಂಜೆಯ ವೋಲ್ಟೇಜ್ ಕಡಿಮೆ ಇರುವುದರಿಂದ ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಯುಪಿಎಸ್ ಸ್ಥಾನ ಬೇಕಾಗುವುದು ಡೆಸ್ಕ್‌ಟಾಪಿಗೆ ಮಾತ್ರ. ಡೆಸ್ಕ್‌ಟಾಪ್ ಇಲ್ಲದಿದ್ದರೆ ಸ್ವಿಚ್ಚನ್ನು ಸಾಮಾನ್ಯ ಸ್ಥಾನಕ್ಕೆ ತನ್ನಿ.

ಮೊಬೈಲಿನ ಬ್ಯಾಟರಿಯನ್ನು 80 ಪ್ರತಿಶತಕ್ಕಿಂತ ಹೆಚ್ಚು ತುಂಬಬಾರದೆಂಬ ಸಲಹೆ ಸರಿಯಾದದ್ದೇ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಯಲ್ಲಿ, ಬೇಗ ಸವೆಯುತ್ತದೆ. ಆದರೂ ಮಳೆಗಾಲದಲ್ಲಿ ನಾನು ಆ ಮಿತಿಯನ್ನು ತೆಗೆದುಹಾಕುತ್ತೇನೆ, ಏಕೆಂದರೆ ನಾಳೆ ಕರೆಂಟು ಬರುತ್ತದೆಯೋ ಇಲ್ಲವೋ ಎಂಬ ಊರಿನಲ್ಲಿ ಇಂದು ಹೆಚ್ಚಾಗಿ ತುಂಬಿದ 20 ಪ್ರತಿಶತವು ಬ್ಯಾಟರಿಯ ಆಯಸ್ಸಿಗಿಂತ ದೊಡ್ಡದು. ಪವರ್ ಬ್ಯಾಂಕ್ ಕೊಳ್ಳುವುದಾದರೆ ಲ್ಯಾಪ್‌ಟಾಪಿಗೂ ಆಗುವ, ಯುಎಸ್‌ಬಿ-ಸಿ ಮೂಲಕ 65 ವ್ಯಾಟ್ ಕೊಡಬಲ್ಲದ್ದನ್ನೇ ಆರಿಸಿ. 20,000 ಎಂ.ಎ.ಎಚ್. ಎಂದರೆ ಸುಮಾರು 74 ವ್ಯಾಟ್-ಗಂಟೆ; ಸಾಧಾರಣ ಲ್ಯಾಪ್‌ಟಾಪನ್ನು ಒಮ್ಮೆ ತುಂಬಲು ಅದು ಸಾಕು.

ಸಿಡಿಲಿನಂತೆ ಸದ್ದು ಮಾಡದೆ ಹಾಳುಮಾಡುವುದು ಥಂಡಿ, ಅಂದರೆ ಗಾಳಿಯಲ್ಲಿನ ತೇವ. ನನ್ನ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು ಮರದ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೆ. ಗೌರಿ ಹಬ್ಬಕ್ಕೆ ತೆಗೆದು ಬೆಳಕಿಗೆ ಹಿಡಿದಾಗ ಲೆನ್ಸಿನ ಒಳಗಾಜಿನ ಅಂಚಿನಿಂದ ನಡುವಿನತ್ತ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹಬ್ಬಿತ್ತು, ಚೀಲದ ಚರ್ಮದ ಮೇಲೆ ಅದೇ ಬೂಷ್ಟು ಬೂದಿ ಬಣ್ಣದ ಪುಡಿಯಾಗಿ ಕೂತಿತ್ತು. ಚರ್ಮ, ಬಟ್ಟೆ ಮತ್ತು ಕತ್ತಲೆ ಮೂರೂ ಬೂಷ್ಟಿಗೆ ಪ್ರಿಯವಾದವು. ಈಗ ಕ್ಯಾಮೆರಾ, ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್‌ಗಳನ್ನು ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆ ಇಡುತ್ತೇನೆ. ಡಬ್ಬಿಯೊಳಗೆ ತೇವಾಂಶ ಅಳೆಯುವ ಚಿಕ್ಕ ಡಿಜಿಟಲ್ ಮಾಪಕವನ್ನೂ ಇಟ್ಟು, ಅದು 40ರಿಂದ 50 ಪ್ರತಿಶತದ ನಡುವೆ ಇರುವಂತೆ ನೋಡಿಕೊಳ್ಳಬೇಕು. ಕಿತ್ತಳೆ ಬಣ್ಣದ ಜೆಲ್ಲನ್ನು ಆರಿಸಿ, ನೀಲಿಯದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಇರುತ್ತದೆ. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಲ್ಯಾಪ್‌ಟಾಪನ್ನು ಮಾತ್ರ ಮುಚ್ಚಿಡಬೇಡಿ. ದಿನಕ್ಕೊಂದು ಗಂಟೆಯಾದರೂ ಚಾಲೂ ಮಾಡಿ, ಅದರ ಸ್ವಂತ ಬಿಸಿಯೇ ಒಳಗಿನ ತೇವವನ್ನು ಓಡಿಸುತ್ತದೆ.

ನೆನೆದ ಮೊಬೈಲನ್ನು ಬಚ್ಚಲೊಲೆಯ ದಂಡೆಯ ಮೇಲಾಗಲಿ, ಅಕ್ಕಿ ಡಬ್ಬಿಯಲ್ಲಾಗಲಿ ಇಡಬಾರದು. ಒಲೆಯ ಬಿಸಿ ಅಂಟುಗಳನ್ನು ಸಡಿಲಿಸುತ್ತದೆ, ಅಕ್ಕಿಯ ಹುಡಿ ಚಾರ್ಜಿಂಗ್ ಕಿಂಡಿಗೆ ಸೇರುತ್ತದೆ. ಕಿಂಡಿ ಕೆಳಮುಖವಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಒಣಗಲು ಬಿಟ್ಟು, ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕದಿರಿ.

ಇನ್ನು ಕೆಲಸದ ಅಭ್ಯಾಸದ ಮಾತು. ನನಗೆ ಅತ್ಯಂತ ಪ್ರಯೋಜನಕ್ಕೆ ಬಂದದ್ದು ಯಾವ ಆ್ಯಪೂ ಅಲ್ಲ. ಒಂದು ನೋಟ್‌ಪುಸ್ತಕದ ಪುಟವನ್ನು ಎರಡಾಗಿ ಗೆರೆ ಎಳೆದು, ನೆಟ್ ಬೇಕಾದ ಕೆಲಸಗಳನ್ನು ಎಡಕ್ಕೂ ಬೇಡದವನ್ನು ಬಲಕ್ಕೂ ಹಿಂದಿನ ರಾತ್ರಿಯೇ ಬರೆದಿಡುವುದು. ಬೆಳಿಗ್ಗೆ ನೆಟ್ ಇದ್ದರೆ ಎಡಭಾಗವನ್ನು ಮೊದಲು ಮುಗಿಸುತ್ತೇನೆ, ಹೋದ ಕ್ಷಣ ಬಲಕ್ಕೆ ಬರುತ್ತೇನೆ. ಬಲಭಾಗ ತುಂಬಿರಬೇಕಾದರೆ ಕಡತಗಳು ಕಂಪ್ಯೂಟರಿನಲ್ಲೇ ಇರಬೇಕು. ಗೂಗಲ್ ಡಾಕ್ಸ್ ಬಳಸುವವರು ನೆಟ್ ಇರುವಾಗಲೇ ಡ್ರೈವಿನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕು, ನೆಟ್ ಹೋದ ಮೇಲೆ ಅದನ್ನು ಮಾಡಲಾಗದು. ನಾನು ಲಿಬ್ರೆಆಫೀಸ್ ಬಳಸುತ್ತೇನೆ. ಅದು ಮೂಲತಃ ಹತ್ತು ನಿಮಿಷಕ್ಕೊಮ್ಮೆ ಮಾತ್ರ ತಾನಾಗಿ ಉಳಿಸಿಕೊಳ್ಳುತ್ತದೆ, ಅದನ್ನು ಎರಡು ನಿಮಿಷಕ್ಕೆ ಇಳಿಸಿದ್ದೇನೆ. ಇಮೇಲಿಗೆ ಥಂಡರ್‌ಬರ್ಡ್ ಇಟ್ಟುಕೊಂಡರೆ ಪತ್ರಗಳು ಕಂಪ್ಯೂಟರಿಗೇ ಇಳಿದಿರುತ್ತವೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವಾಗ ವಿಂಡೋಸಿನಲ್ಲಿ ಆ ಸಂಪರ್ಕವನ್ನು ಮೀಟರ್ಡ್ (ಡೇಟಾಕ್ಕೆ ಮಿತಿಯಿರುವುದು) ಎಂದು ಗುರುತಿಸಿ, ಇಲ್ಲದಿದ್ದರೆ ದಿನದ ಡೇಟಾವೆಲ್ಲ ಅಪ್‌ಡೇಟುಗಳಿಗೇ ಹೋಗುತ್ತದೆ.

ವಾರಕ್ಕೊಮ್ಮೆ ಎಲ್ಲ ಕಡತಗಳನ್ನೂ ಡಬ್ಬಿಯಲ್ಲಿರುವ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಶಿವಮೊಗ್ಗದ ಕಡೆ ಹೋಗುವಾಗ ಇನ್ನೊಂದು ನಕಲನ್ನು ಪೆನ್ ಡ್ರೈವಿನಲ್ಲಿ ಒಯ್ದು ತಂಗಿಯ ಮನೆಯಲ್ಲಿ ಇಟ್ಟು ಬರುತ್ತೇನೆ. ಮೂರು ದಿನ ಕರೆಂಟಿಲ್ಲದ ಆಷಾಢದ ವಾರದಲ್ಲೂ ಪೇಟೆಯಲ್ಲಿ ನೆಟ್ ಇರುತ್ತದೆ, ಅಲ್ಲಿಂದಲೇ ಪ್ರಕಾಶಕರಿಗೆ ಕರಡು ತಲುಪುತ್ತದೆ.